ಡಿವೈಸ್ ಟ್ರೀಯಲ್ಲಿ ಲೇಬಲ್ ಕೊಟ್ಟರೂ ಗಡಿಯಾರದ ಸಂಖ್ಯೆ ಬದಲಾಗದಿರುವುದೇಕೆ?

ಬೋರ್ಡಿಗೆ ಬ್ಯಾಟರಿ ಇರುವ ಗಡಿಯಾರದ ಚಿಪ್ (ಆರ್‌ಟಿಸಿ) ಜೋಡಿಸಿ, ಡಿವೈಸ್ ಟ್ರೀಯಲ್ಲಿ (ಬೋರ್ಡಿನಲ್ಲಿ ಯಾವ ಚಿಪ್ ಎಲ್ಲಿದೆ ಎಂದು ಲಿನಕ್ಸ್‌ಗೆ ತಿಳಿಸುವ ಫೈಲ್) ಅದಕ್ಕೆ ‘ಆರ್‌ಟಿಸಿ0’ ಎಂದು ಲೇಬಲ್ ಕೊಟ್ಟಿದ್ದರೂ ಲಿನಕ್ಸ್ ಅದನ್ನು ಆರ್‌ಟಿಸಿ1 ಎಂದು ತೋರಿಸುತ್ತಿದೆ, ಲೇಬಲ್‌ಗೂ ನೋಡ್ (ಟ್ರೀಯಲ್ಲಿ ಒಂದು ಸಾಧನದ ನಮೂದು) ಹೆಸರಿಗೂ ಇರುವ ವ್ಯತ್ಯಾಸವೇನು ಎಂದು ಕೇಳಿದ್ದೀರಿ. ಲೇಬಲ್ ಇರುವುದು ಫೈಲ್ ಬರೆಯುವ ನಮಗಾಗಿ ಮತ್ತು ಅದನ್ನು ಕಂಪೈಲ್ ಮಾಡುವ ಡಿಟಿಸಿ (ಡಿವೈಸ್ ಟ್ರೀ ಕಂಪೈಲರ್) ಎಂಬ ಸಾಧನಕ್ಕಾಗಿ ಮಾತ್ರ. ಸಾಮಾನ್ಯವಾಗಿ ಅದು ಲಿನಕ್ಸ್‌ನ ತಿರುಳಾದ ಕರ್ನಲ್‌ವರೆಗೆ ತಲುಪುವುದೇ ಇಲ್ಲ.

‘ಹೊರಗಡಿಯಾರ: ಆರ್‌ಟಿಸಿ@68’ ಎಂಬ ಸಾಲನ್ನು ತೆಗೆದುಕೊಳ್ಳೋಣ (ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಫೈಲಿನಲ್ಲಿ ಇಂಗ್ಲಿಷ್ ಅಕ್ಷರಗಳೇ ಇರಬೇಕು). ಕೋಲನ್‌ಗಿಂತ ಮೊದಲಿರುವುದು ಲೇಬಲ್. ಅದರಲ್ಲಿ ಅಡ್ಡಗೆರೆ (-) ಬರುವಂತಿಲ್ಲ, ಅಂಕಿಯಿಂದ ಆರಂಭವಾಗುವಂತಿಲ್ಲ, ಮತ್ತು ಇಡೀ ಟ್ರೀಯಲ್ಲಿ ಅದು ಒಂದೇ ಇರಬೇಕು. ಕೋಲನ್ ನಂತರದ್ದು ನೋಡ್ ಹೆಸರು. ಅಲ್ಲಿ ಚಿಪ್‌ನ ಮಾದರಿಯನ್ನು ಬರೆಯದೆ ‘ಆರ್‌ಟಿಸಿ’, ‘ಸೀರಿಯಲ್’, ‘ಎಥರ್ನೆಟ್’ ಎಂಬಂತೆ ಕೆಲಸವನ್ನು ಸೂಚಿಸುವ ಹೆಸರು ಬರೆಯಬೇಕು. ಡಿಎಸ್3231 ಎಂಬ ಮಾದರಿಯ ಜಾಗ ‘ಕಂಪ್ಯಾಟಿಬಲ್’ ಪ್ರಾಪರ್ಟಿಯಲ್ಲಿ (ನೋಡ್‌ನೊಳಗಿನ ವಿವರದ ಸಾಲು) ಇದೆ. @ ಚಿಹ್ನೆಯ ಮುಂದಿನ 68 ‘ರೆಗ್’ ಪ್ರಾಪರ್ಟಿಯ ಮೊದಲ ವಿಳಾಸಕ್ಕೆ ಸರಿಹೊಂದಬೇಕು. ಅದು ಹೆಕ್ಸ್ ಸಂಖ್ಯೆಯೇ ಆದರೂ ರೆಗ್‌ನಲ್ಲಿ ಬರೆಯುವ 0ಎಕ್ಸ್ ಅನ್ನು ಇಲ್ಲಿ ಸೇರಿಸಬಾರದು. ಎರಡು ಐ2ಸಿ ಬಸ್‌ಗಳಲ್ಲಿ (ಚಿಪ್‌ಗಳನ್ನು ಜೋಡಿಸುವ ತಂತಿಮಾರ್ಗಗಳು) ಎರಡು ಆರ್‌ಟಿಸಿ@68 ಇದ್ದರೆ ತೊಂದರೆಯಿಲ್ಲ. ನಮ್ಮ ಹುಬ್ಬಳ್ಳಿಯಲ್ಲಿ ಒಂದೇ ಮನೆ ನಂಬರ್ ಎರಡು ಓಣಿಗಳಲ್ಲಿ ಇದ್ದರೂ ಓಣಿಯ ಹೆಸರಿನಿಂದ ಅಂಚೆ ಸರಿಯಾಗಿ ತಲುಪುವಂತೆ, ಇಲ್ಲಿಯೂ ಪೂರ್ಣ ದಾರಿಯೇ ಗುರುತು.

ಒಂದು ನೋಡ್ ಇನ್ನೊಂದನ್ನು ಹೆಸರಿಸುವಾಗ & ಚಿಹ್ನೆಯೊಡನೆ ಲೇಬಲ್ ಬರೆಯುತ್ತೇವೆ. ಅದು ಎಲ್ಲಿದೆ ಎಂಬುದರ ಮೇಲೆ ಅರ್ಥ ಬದಲಾಗುತ್ತದೆ ಎಂಬುದನ್ನು ಹೊಸಬರು ಗಮನಿಸುವುದು ಕಡಿಮೆ. ಎಲ್‌ಇಡಿಯೊಂದಕ್ಕೆ <&ಜಿಪಿಐಒ1 21 0> (ಜಿಪಿಐಒ1 ಎಂಬ ಪಿನ್ ನಿಯಂತ್ರಕ, ಪಿನ್ 21) ಎಂದು ಬರೆದರೆ, ಕೋನಾವರಣದ ಒಳಗಿನ ಲೇಬಲ್‌ನ ಬದಲಿಗೆ ಡಿಟಿಸಿ 32 ಬಿಟ್‌ಗಳ ಒಂದು ಸಂಖ್ಯೆಯನ್ನು ಇಡುತ್ತದೆ. ಇದೇ ಪಿಹ್ಯಾಂಡಲ್, ಅಂದರೆ ಗುರಿಯಾದ ನೋಡ್‌ನ ಗುರುತಿನ ಸಂಖ್ಯೆ. ಅದರ ನಂತರ ಎಷ್ಟು ಸಂಖ್ಯೆಗಳನ್ನು ಓದಬೇಕು ಎಂಬುದನ್ನು, ಗುರಿಯಾದ ನೋಡ್‌ನಲ್ಲಿರುವ ‘#ಜಿಪಿಐಒ-ಸೆಲ್ಸ್’ ಪ್ರಾಪರ್ಟಿ ಹೇಳುತ್ತದೆ, ಇಲ್ಲಿ ಎರಡು. ಈ ಲೆಕ್ಕ ತಪ್ಪಿದರೆ ಕರ್ನಲ್ ಪಿನ್ ಸಂಖ್ಯೆಯನ್ನೇ ಮುಂದಿನ ಪಿಹ್ಯಾಂಡಲ್ ಎಂದು ಓದಿಬಿಡಬಹುದು. ಅದೇ &ಲೇಬಲ್ ಪ್ರಾಪರ್ಟಿಯ ಬೆಲೆಯಾಗಿ ಕೋನಾವರಣದ ಹೊರಗಿದ್ದರೆ, ಅದರ ಜಾಗದಲ್ಲಿ ನೋಡ್‌ನ ಪೂರ್ಣ ದಾರಿ ಅಕ್ಷರಗಳಲ್ಲಿ ಬರುತ್ತದೆ.

ನಿಮ್ಮ ಗಡಿಯಾರದ ಪರಿಹಾರ ಈ ಎರಡನೆಯ ರೂಪದಲ್ಲಿದೆ. ಗೋಕುಲ ರಸ್ತೆಯ ನಮ್ಮ ಸಣ್ಣ ಘಟಕದಲ್ಲಿ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರಿಗಾಗಿ ತೂಕದ ಚೀಟಿ ಮುದ್ರಿಸುವ ಯಂತ್ರ ಮಾಡಿದ್ದಾಗ ನಾನೂ ಲೇಬಲ್ ಅನ್ನೇ ನಂಬಿದ್ದೆ. ಕರೆಂಟ್ ಹೋಗಿ ಬಂದ ದಿನ ಚೀಟಿಗಳ ಮೇಲೆ 2000ದ ಜನವರಿ 1 ಎಂದು ಮುದ್ರಣವಾಗಿ, ರೈತರ ಕೈಗೆ ಹೋದ ಚೀಟಿಗಳನ್ನೆಲ್ಲ ಹಿಂಪಡೆದು ತಿದ್ದಿಕೊಡಬೇಕಾಯಿತು. ಆ ಸಂಕೋಚ ನನಗೆ ಇಂದಿಗೂ ಇದೆ. ಪ್ರೊಸೆಸರ್‌ನ ಒಳಗಿದ್ದ, ಬ್ಯಾಟರಿಯಿಲ್ಲದ ಗಡಿಯಾರ ಮೊದಲು ನೋಂದಣಿಯಾಗಿ 0 ಎಂಬ ಸಂಖ್ಯೆಯನ್ನು ಪಡೆದಿತ್ತು, ಮತ್ತು ವ್ಯವಸ್ಥೆ ಆರಂಭದಲ್ಲಿ ಸಮಯ ಓದುವುದು ಸಾಮಾನ್ಯವಾಗಿ ಆರ್‌ಟಿಸಿ0 ಇಂದಲೇ. ಟ್ರೀಯ ಬೇರಿನ (ರೂಟ್) ಕೆಳಗಿನ, ನೋಡ್‌ಗಳಿಗೆ ಅಡ್ಡಹೆಸರು ಕೊಡುವ ‘ಏಲಿಯಾಸಸ್’ ನೋಡ್‌ನಲ್ಲಿ ‘ಆರ್‌ಟಿಸಿ0 = &ಹೊರಗಡಿಯಾರ;’ ಮತ್ತು ‘ಆರ್‌ಟಿಸಿ1 = &ಒಳಗಡಿಯಾರ;’ ಎಂದು ಕೋನಾವರಣವಿಲ್ಲದೆ ಬರೆದ ಮೇಲೆ ಸಂಖ್ಯೆಗಳು ಸ್ಥಿರವಾದವು.

ಓವರ್‌ಲೇ (ಮೂಲ ಟ್ರೀಗೆ ಆಮೇಲೆ ಸೇರಿಸುವ ತುಣುಕು) ಬಳಸುವವರಿಗೆ ಮಾತ್ರ ಒಂದು ವಿನಾಯಿತಿ ಇದೆ. ಮೂಲ ಫೈಲನ್ನು ಡಿಟಿಸಿಗೆ ‘-@’ ಆಯ್ಕೆ ಕೊಟ್ಟು ಕಂಪೈಲ್ ಮಾಡಿದರೆ ಲೇಬಲ್‌ಗಳು ‘__ಸಿಂಬಲ್ಸ್__’ ಎಂಬ ನೋಡ್‌ನಲ್ಲಿ ಉಳಿಯುತ್ತವೆ. ಅದಿಲ್ಲದಿದ್ದರೆ ಓವರ್‌ಲೇ ತನ್ನ ಗುರಿಯನ್ನು ಲೇಬಲ್‌ನಿಂದ ಹುಡುಕಲಾರದು. ಆಗಲೂ ಗಡಿಯಾರದ ಸಂಖ್ಯೆಯನ್ನು ನಿರ್ಧರಿಸುವುದು ಏಲಿಯಾಸೇ. ತಿದ್ದಿದ ನಂತರ ಬೋರ್ಡಿನಲ್ಲಿ /ಪ್ರಾಕ್/ಡಿವೈಸ್-ಟ್ರೀ/ಏಲಿಯಾಸಸ್ ಒಳಗಿನ ಆರ್‌ಟಿಸಿ0 ಫೈಲನ್ನು ತೆರೆದು ನೋಡಿರಿ. ಆರ್‌ಟಿಸಿ@68 ಎಂದು ಕೊನೆಗೊಳ್ಳುವ ದಾರಿ ಅಲ್ಲಿರಬೇಕು.