ತಮ್ಮನಿಗೆ ನನ್ನ ಶ್ವಾಸಕೋಶ ಕೊಡಬಹುದಾ, ಡಾಕ್ಟ್ರೇ?

ಪ್ರಶ್ನೆ: ನನ್ನ ತಮ್ಮನಿಗೆ 36 ವರ್ಷ. ಎಚ್1ಎನ್1 ಜ್ವರ ಬಂದು 24 ದಿನ ವೆಂಟಿಲೇಟರ್ ಮೇಲಿದ್ದ. ಮನೆಗೆ ಬಂದು ಎರಡು ತಿಂಗಳಾಯಿತು. ಆಗ 5 ಲೀಟರ್ ಆಕ್ಸಿಜನ್ ಬೇಕಿತ್ತು, ಈಗ 3. ಆದರೂ ಬಚ್ಚಲಿಗೆ ಹೋಗಿ ಬಂದರೆ ಏದುಸಿರು. ಕರೆಂಟ್ ಹೋದರೆ ನಮಗೆಲ್ಲ ಜೀವ ಬಾಯಿಗೆ ಬರುತ್ತದೆ. ಶ್ವಾಸಕೋಶ ಕಸಿ ಮಾಡಿಸಿ ಅಂತಾರೆ ನೆಂಟರು. ನನ್ನದೊಂದು ಕೊಡಬಹುದಾ?
— ಒಬ್ಬ ಅಕ್ಕ, ಹೊಳಲ್ಕೆರೆ

ಉತ್ತರ: ಅಮ್ಮಾ, ನೀವು ಸುಮ್ನೆ ಬರೆದ ಒಂದು ಮಾತು ನನ್ನ ಕಣ್ಣಿಗೆ ಬಿತ್ತು. 5 ಇದ್ದದ್ದು 3 ಆಗಿದೆ ಅಲ್ವಾ? ಅಂದರೆ ಶ್ವಾಸಕೋಶ ಇನ್ನೂ ಚೇತರಿಸಿಕೊಳ್ಳುತ್ತಿದೆ. ಕಸಿಯ ಮಾತು ಈಗ ಬೇಡ.

ಈ ಅವಸರ 2021ರಲ್ಲಿ ನಾನೇ ಮಾಡಿದ್ದೆ. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಕೋವಿಡ್ ಆಗಿ ಇಲ್ಲಿ ದಾವಣಗೆರೆಯಲ್ಲಿ ಮೂರು ವಾರ ವೆಂಟಿಲೇಟರ್ ಮೇಲಿದ್ದರು. ಕಸಿ ಬಿಟ್ಟರೆ ದಾರಿಯಿಲ್ಲ ಅಂದುಬಿಟ್ಟೆ. ಮನೆಯವರು ತೋಟಕ್ಕೆ ಗಿರಾಕಿ ಹುಡುಕತೊಡಗಿದರು. ಏಳನೇ ವಾರ ಅವರು ಎದ್ದು ಕೂತು ಮಂಡಕ್ಕಿ ಕೇಳಿದರು! ತೋಟ ಉಳಿಯಿತು, ನನ್ನ ಮುಖ ಸಣ್ಣಗಾಯಿತು.

ವಾರಗಟ್ಟಲೆ ಕಾದರೂ ವೆಂಟಿಲೇಟರ್ ಅಥವಾ ಎಕ್ಮೋ ಬಿಡಿಸಲಾಗದೆ, ಶ್ವಾಸಕೋಶ ಗಟ್ಟಿಯಾಗಿ ಹೋದವರಿಗೆ ಕಸಿ ಕೊನೆಯ ದಾರಿ. ಎಕ್ಮೋ ಅಂದರೆ ರಕ್ತ ಹೊರತೆಗೆದು, ಆಕ್ಸಿಜನ್ ಸೇರಿಸಿ ವಾಪಸ್ ಬಿಡುವ ಯಂತ್ರ. 2020ರ ಜೂನ್‌ನಲ್ಲಿ ಶಿಕಾಗೋದಲ್ಲಿ ಡಾ. ಅಂಕಿತ್ ಭರತ್ ಅವರ ತಂಡ ಕೋವಿಡ್ ಆಗಿದ್ದ ಯುವತಿಗೆ ಎರಡೂ ಶ್ವಾಸಕೋಶ ಹಾಕಿತು. ಅಲ್ಲೂ ಸುಮಾರು ಆರು ವಾರ ಕಾದಿದ್ದರು. ಆಗಸ್ಟ್‌ನಲ್ಲಿ ಚೆನ್ನೈಯಲ್ಲೂ ಇಂಥ ಕಸಿ ನಡೆಯಿತು.

ನಿಮ್ಮದು ಕೊಡುವ ಮಾತು ಓದಿ ಮನಸ್ಸು ಕಲಕಿತು. ಆದರೆ ಇದು ಕಿಡ್ನಿಯ ಹಾಗಲ್ಲ. ನಮ್ಮಲ್ಲಿ ಶ್ವಾಸಕೋಶ ಸಿಗುವುದು ಮೆದುಳು ಸತ್ತವರಿಂದ, ಅವರ ಮನೆಯವರು ಒಪ್ಪಿದರೆ. ರಕ್ತದ ಗುಂಪು, ಎದೆಗೂಡಿನ ಅಳತೆ ಹೊಂದಬೇಕು. ಕರ್ನಾಟಕದಲ್ಲಿ ಸರದಿ ಪಟ್ಟಿ ನೋಡಿಕೊಳ್ಳುವುದು ಜೀವಸಾರ್ಥಕತೆ ಎಂಬ ಸರ್ಕಾರಿ ಸಂಸ್ಥೆ. ಹಾಕಿಸಿಕೊಂಡ ಮೇಲೂ ಮಾತ್ರೆ ಬದುಕಿರುವ ತನಕ. ಅವು ರೋಗ ತಡೆಯುವ ಶಕ್ತಿಯನ್ನೇ ತಗ್ಗಿಸುವುದರಿಂದ ನೆಗಡಿಗೂ ಹೆದರಬೇಕು. ಐದಾರು ವರ್ಷ ದಾಟುವವರು ಹೆಚ್ಚುಕಡಿಮೆ ಅರ್ಧದಷ್ಟು ಜನ.

ಸದ್ಯಕ್ಕೆ ಆಕ್ಸಿಜನ್ ಹಾಕಿಕೊಂಡೇ ದಿನಾ ಹಜಾರದಲ್ಲಿ ನಡೆಸಿ. ಬೆರಳಿನ ಮೀಟರ್ 88ಕ್ಕಿಂತ ಇಳಿದರೆ ಕೂರಿಸಿ. ಮೊಟ್ಟೆಯೋ ಬೇಳೆಯೋ, ಜಾಸ್ತಿ ಕೊಡಿ. ಮೆಕ್ಕೆಜೋಳ ಒಕ್ಕುವ ಧೂಳಿನ ಹತ್ತಿರ ಬಿಡಬೇಡಿ. ಕರೆಂಟಿನ ಭಯಕ್ಕೆ ಒಂದು ತುಂಬಿದ ಸಿಲಿಂಡರ್ ಮನೆಯಲ್ಲಿರಲಿ. 3 ಲೀಟರ್ ಮತ್ತೆ ಏರಿದರೆ, ಇಲ್ಲವೇ ತಿಂಗಳುಗಟ್ಟಲೆ ಅಲ್ಲೇ ನಿಂತರೆ ಬೆಂಗಳೂರಿನ ಕಸಿ ವೈದ್ಯರಿಗೆ ತೋರಿಸಲೇಬೇಕು. ಹಳೇ ಸಿಟಿ ಫಿಲ್ಮ್ ಬಿಸಾಡಬೇಡಿ. ಮುಂದಿನ ತಿಂಗಳು ಹೊಸದು ತೆಗೆಸಿದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.