ಓದುಗರ ಪ್ರಶ್ನೆ: ಪದೇ ಪದೇ ಅಡ್ಮಿಟ್, ತಪ್ಪುತ್ತಿರುವುದು ಎಲ್ಲಿ?

ಪ್ರಶ್ನೆ: ನಮ್ಮ ಅತ್ತೆಗೆ 79 ವರ್ಷ. ಹರಿಹರದ ಹತ್ತಿರದ ಹಳ್ಳಿಯಲ್ಲಿ ಒಬ್ಬರೇ ಇದ್ದಾರೆ. ಬಿಪಿ ಬಿಟ್ಟರೆ ಬೇರೆ ಕಾಯಿಲೆ ಇಲ್ಲ. ಆದರೂ ಈ ವರ್ಷ ಮೂರು ಸಲ ಆಸ್ಪತ್ರೆ ಸೇರಿದರು. ಪ್ರತಿ ಸಲವೂ ಸುಸ್ತು, ಏನೇನೋ ಮಾತಾಡೋದು. 'ಸೋಡಿಯಂ (ರಕ್ತದಲ್ಲಿನ ಉಪ್ಪಿನ ಅಂಶ) ಕಡಿಮೆ' ಅಂತ ಬಾಟಲಿ ಹಾಕಿ ಕಳಿಸ್ತಾರೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ತೋರಿಸೋಣ ಅಂತಾರೆ ನಮ್ಮ ಮನೆಯವರು. – ಓದುಗರು, ದಾವಣಗೆರೆ

ಉತ್ತರ: ತೋರಿಸಿ, ಬೇಡ ಅನ್ನಲ್ಲ. ಅದಕ್ಕೂ ಮೊದಲು ಎರಡು ದಿನ ಅತ್ತೆಯ ಜೊತೆ ಇದ್ದು ಬನ್ನಿ, ಸುಮ್ನೆ ಗಮನಿಸಿ. 'ನನ್ನೊಬ್ಬಳಿಗೆ ಏನು ಅಡುಗೆ' ಅಂತ ಮಧ್ಯಾಹ್ನ ಗಂಜಿ, ರಾತ್ರಿಗೆ ಮಂಡಕ್ಕಿ, ಟೀ. ಒಂಟಿಯಾಗಿರುವ ಎಷ್ಟೋ ಅಜ್ಜಿಯರ ಊಟ ಇಷ್ಟೇ. ಅದರ ಮೇಲೆ ಬಿಪಿ ಇದೆ ಅಂತ ಯಾರೋ ಉಪ್ಪು ಬಿಡಿಸಿರುತ್ತಾರೆ. ಬಿಪಿ ಮಾತ್ರೆಗಳಲ್ಲಿ 'ನೀರಿನ ಮಾತ್ರೆ', ಅಂದರೆ ಮೂತ್ರ ಹೆಚ್ಚಿಸುವ ಮಾತ್ರೆ ಸೇರಿದ್ದರೆ ಅದು ಮೂತ್ರದಲ್ಲಿ ಸೋಡಿಯಂ ಹೊರಗೆ ಹಾಕುತ್ತದೆ. ಬೆಳಗ್ಗೆ ನುಂಗಿದ್ದು ಮರೆತು ಸಂಜೆ ಇನ್ನೊಂದು ನುಂಗಿದರೆ ಕೇಳೋರು ಯಾರು? ಹೀಗಿದ್ದಾಗ ಸೋಡಿಯಂ ಇಳಿಯೋದು ಆಶ್ಚರ್ಯವಲ್ಲ. ಬಾಟಲಿ ಹಾಕಿಸಿಕೊಂಡು ಮನೆಗೆ ಬಂದರೆ ಮತ್ತದೇ ಗಂಜಿ, ಅದೇ ಮಾತ್ರೆ ಡಬ್ಬಿ, ಇನ್ನೊಂದು ತಿಂಗಳಿಗೆ ಮತ್ತೆ ಆಂಬುಲೆನ್ಸ್.

ಹಾಗಂತ ನೀವೇ ಮಾತ್ರೆ ನಿಲ್ಲಿಸಬೇಡಿ, ಉಪ್ಪು ಸುರಿಯಬೇಡಿ, ನೀರು ಜಾಸ್ತಿ ಕುಡಿಸಲೂ ಹೋಗಬೇಡಿ. ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರ ಮುಂದೆ ಸುರಿಯಿರಿ, ಏನು ತಿನ್ನುತ್ತಾರೆ ಅನ್ನೋದನ್ನೂ ಹೇಳಿ. ಬೇರೆ ಕಾರಣವೂ ಇರಬಹುದು, ಅದನ್ನು ಅವರೇ ನೋಡಬೇಕು. ಪಕ್ಕದ ಮನೆಯವರಿಗೆ ತಿಂಗಳಿಗಿಷ್ಟು ಅಂತ ಕೊಟ್ಟು ಒಂದು ಹೊತ್ತು ಸಾರು, ಮುದ್ದೆ, ಪಲ್ಯ ಬರುವ ಹಾಗೆ ಮಾಡಿ. ವಾರದ ಖಾನೆಗಳಿರುವ ಮಾತ್ರೆ ಡಬ್ಬಿ ತನ್ನಿ, ಊಟ ತಂದವರೇ ಅವತ್ತಿನ ಖಾನೆ ಖಾಲಿಯಾಗಿದೆಯಾ ಅಂತ ನೋಡಲಿ. ಬಚ್ಚಲು ಹಿತ್ತಲಲ್ಲಿದ್ದರೆ ದಾರಿಗೆ ಒಂದು ಬಲ್ಬು ಹಾಕಿಸಿ, ಹಿಡಿದುಕೊಳ್ಳಲು ಒಂದು ಸರಳು. ಡಿಸ್ಚಾರ್ಜ್ ಚೀಟಿಯಲ್ಲಿ ಇದ್ಯಾವುದನ್ನೂ ಬರೆದುಕೊಡಲ್ಲ.

ಪ್ರಶ್ನೆ: ಅಪ್ಪನಿಗೆ ಮನೆಯಲ್ಲೇ ಆರೈಕೆಗೆ ಒಬ್ಬರನ್ನು ಇಟ್ಟೆವು. ಆಸ್ಪತ್ರೆ ಖರ್ಚು ಇಳಿಯುತ್ತೆ ಅಂದುಕೊಂಡರೆ ಡಾಕ್ಟರ ಹತ್ತಿರ ಓಡಾಟ ಜಾಸ್ತಿಯೇ ಆಗಿದೆ! – ಓದುಗರು, ಮೈಸೂರು

ಉತ್ತರ: ನನಗೇನೋ ಇದು ಒಳ್ಳೆ ಸುದ್ದಿ ಅನ್ನಿಸುತ್ತಿದೆ. ಇಷ್ಟು ದಿನ ಹಿಮ್ಮಡಿಯ ಹುಣ್ಣು, ಕೇಳಿಸದ ಕಿವಿ, ಕಟ್ಟಿಕೊಳ್ಳುವ ಮೂತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಈಗ ನೋಡೋರು ಬಂದಿದ್ದಾರೆ. ಒಳ್ಳೆ ಆರೈಕೆ ಎಲ್ಲ ಭೇಟಿಗಳನ್ನೂ ಕಡಿಮೆ ಮಾಡಲ್ಲ, ಕೆಲವನ್ನು ಹೆಚ್ಚಿಸುತ್ತೆ. ಹಗಲು ಹೊತ್ತು ನಡೆದುಕೊಂಡು ಹೋಗಿ ಬರುವ ಭೇಟಿ ಹೆಚ್ಚಿ, ನಡುರಾತ್ರಿ ಸ್ಟ್ರೆಚರ್ ಮೇಲೆ ಹೋಗುವುದು ಕಡಿಮೆಯಾದರೆ ಲೆಕ್ಕ ಸರಿಯಾಗಿದೆ. ಬಿಲ್ ಒಂದನ್ನೇ ನೋಡಬೇಡಿ.

ಪ್ರಶ್ನೆ: ಅಣ್ಣ ಮ್ಯಾಂಚೆಸ್ಟರ್‌ನಲ್ಲಿದ್ದಾನೆ. ಅಲ್ಲಿ ವಯಸ್ಸಾದವರನ್ನು ಸರ್ಕಾರವೇ ನೋಡಿಕೊಳ್ಳುತ್ತೆ, ನಮ್ಮಲ್ಲೇ ಗತಿ ಇಲ್ಲ ಅಂತಾನೆ. ನಿಜವಾ? – ಓದುಗರು, ಬೆಂಗಳೂರು

ಉತ್ತರ: ಅರ್ಧ ನಿಜ. ಅಲ್ಲಿ 1948ರಿಂದ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ. ಆದರೆ ಸ್ನಾನ ಮಾಡಿಸೋದು, ಬಟ್ಟೆ ಹಾಕೋದು, ಊಟ ಕೊಡೋದು ಸ್ಥಳೀಯ ಕೌನ್ಸಿಲ್‌ನ (ನಮ್ಮ ನಗರಸಭೆಯಂಥದ್ದು) ಬಾಬತ್ತು, ಅದಕ್ಕೆ ಆಸ್ತಿಪಾಸ್ತಿ ಲೆಕ್ಕ ಹಾಕುತ್ತಾರೆ. ಇಂಗ್ಲೆಂಡಿನಲ್ಲಿ ಲೆಕ್ಕಕ್ಕೆ ಬರುವ ಆಸ್ತಿ 23,250 ಪೌಂಡ್‌ಗಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಪೂರ್ತಿ ಖರ್ಚು ನಿಮ್ಮದೇ. 2010ರ ನಂತರ ಸರ್ಕಾರ ಕೌನ್ಸಿಲ್‌ಗಳ ದುಡ್ಡಿಗೆ ಕತ್ತರಿ ಹಾಕಿತು. ಆರೈಕೆಗೆ ಹೆಚ್ಚು ಕತ್ತರಿ ಬಿದ್ದ ಕಡೆ ವಯಸ್ಸಾದವರು ತುರ್ತು ವಿಭಾಗಕ್ಕೆ ಬರುವುದು ಹೆಚ್ಚಾಯಿತು ಅಂತ ಅಲ್ಲಿನ ಅರ್ಥಶಾಸ್ತ್ರಜ್ಞರೇ ಲೆಕ್ಕ ತೋರಿಸಿದ್ದಾರೆ. ಆಸ್ಪತ್ರೆಯ ಹಿಂಬಾಗಿಲಲ್ಲೂ ಅಡಚಣೆ. 2023ರ ಜನವರಿಯಲ್ಲಿ ಮನೆಗೆ ಹೋಗುವಷ್ಟು ಗುಣವಾಗಿದ್ದರೂ ದಿನಕ್ಕೆ 12 ಸಾವಿರಕ್ಕೂ ಹೆಚ್ಚು ಜನ ಹಾಸಿಗೆಯಲ್ಲೇ ಇದ್ದರು. ಎಲ್ಲರದೂ ಆರೈಕೆ ಇಲ್ಲದ ಕಥೆಯಲ್ಲ, ಆದರೆ ಅದು ದೊಡ್ಡ ಕಾರಣಗಳಲ್ಲೊಂದು.

ಜಪಾನ್ ಈ ಪಾಠ ಮೊದಲೇ ಕಲಿತಿತ್ತು. 1973ರಲ್ಲಿ 70 ದಾಟಿದವರಿಗೆ ಚಿಕಿತ್ಸೆ ಉಚಿತ ಮಾಡಿದರು. ಮನೆಯಲ್ಲಿ ನೋಡೋರಿಲ್ಲದವರು ಆಸ್ಪತ್ರೆಯಲ್ಲೇ ತಿಂಗಳುಗಟ್ಟಲೆ ಉಳಿದರು. ಕೊನೆಗೆ 2000ದ ಏಪ್ರಿಲ್‌ನಲ್ಲಿ ಆರೈಕೆಗೇ ಬೇರೆ ವಿಮೆ ತಂದರು, 40 ದಾಟಿದವರೆಲ್ಲ ಕಂತು ಕಟ್ಟಬೇಕು. ನಮ್ಮಲ್ಲಿ ಅಂಥದ್ದು ಇನ್ನೂ ಬಂದಿಲ್ಲ. ಸೊಸೆಯಂದಿರು ಪುಕ್ಕಟೆ ಮಾಡುವ ಕೆಲಸಕ್ಕೆ ಯಾರು ಕಂತು ಕಟ್ತಾರೆ, ಅಲ್ವಾ?

ಪ್ರಶ್ನೆ: 70 ದಾಟಿದವರ ಆಯುಷ್ಮಾನ್ ಕಾರ್ಡಿನಲ್ಲಿ ಮನೆಗೆ ನರ್ಸ್ ಸಿಗ್ತಾರಾ? – ಓದುಗರು, ಶಿರಸಿ

ಉತ್ತರ: ಇಲ್ಲ. ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಆ ಯೋಜನೆ ವರ್ಷಕ್ಕೆ 5 ಲಕ್ಷದವರೆಗೆ ಆಸ್ಪತ್ರೆಗೆ ದಾಖಲಾದಾಗಿನ ಖರ್ಚಿಗೆ. ಬಿದ್ದು ಸೊಂಟ ಮುರಿದರೆ ದುಡ್ಡು ಬರುತ್ತೆ, ಬೀಳದ ಹಾಗೆ ಕೈ ಹಿಡಿಯುವವರಿಗೆ ಬರಲ್ಲ. ಆರೈಕೆಗೆ ಹತ್ತಿರದಲ್ಲಿ ಯಾರಿದ್ದಾರೆ ಅಂತ ತಿಳಿಯಲು ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ. ಕರೆ ಉಚಿತ, ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ.