ದಂಪತಿ ಆಪ್ತಸಮಾಲೋಚನೆಯಲ್ಲಿ ನಿಜವಾಗಿ ಏನು ಮಾಡುತ್ತಾರೆ?

ಮದುವೆಯಾಗಿ ಆರು ವರ್ಷ, ದಿನವೂ ಜಗಳ, ಆಪ್ತಸಮಾಲೋಚಕರ ಬಳಿ ಹೋಗೋಣ ಎಂದು ಹೆಂಡತಿ ಹೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ಮೂರನೆಯವರ ಮುಂದೆ ಕುಳಿತು ಮಾತಾಡಿದರೆ ಏನು ಬದಲಾದೀತು, ಕೊನೆಗೆ ತಪ್ಪೆಲ್ಲ ನನ್ನದೇ ಎಂದಾಗುವುದಿಲ್ಲವೇ ಎಂದೂ ಕೇಳಿದ್ದೀರಿ. ದಂಪತಿಗಳ ಜೊತೆ ಕೆಲಸ ಮಾಡುವ ಆಪ್ತಸಮಾಲೋಚಕಿಯಾಗಿ ಉತ್ತರಿಸುತ್ತಿದ್ದೇನೆ.

ತೀರ್ಪಿನ ಭಯವನ್ನು ಮೊದಲು ಬಿಡಿ. ಎರಡೂ ಕಡೆಯ ಹಿರಿಯರು ಕುಳಿತು ನಡೆಸುವ ರಾಜಿ ಪಂಚಾಯಿತಿಯಲ್ಲಿ ಯಾರು ಹೊಂದಿಕೊಂಡು ಹೋಗಬೇಕು ಎಂಬುದು ಇತ್ಯರ್ಥವಾಗುತ್ತದೆ. ನಾವು ಹುಡುಕುವುದು ಜಗಳ ಹಿಡಿಯುವ ಜಾಡನ್ನು. ಹೆಂಡತಿ ಏನೋ ಕೇಳುತ್ತಾಳೆ, ಗಂಡ ಸುಮ್ಮನಾಗುತ್ತಾನೆ. ಅವನು ಸುಮ್ಮನಾದಷ್ಟೂ ಇವಳ ದನಿ ಏರುತ್ತದೆ, ದನಿ ಏರಿದಷ್ಟೂ ಅವನು ಮೊಬೈಲಿಗೆ ಮುಖ ಕೊಡುತ್ತಾನೆ. ಕೆಲವು ಮನೆಗಳಲ್ಲಿ ಪಾತ್ರಗಳು ಅದಲುಬದಲು. ‘ಅವರು ಮಾತಾಡುವುದಿಲ್ಲ, ಅದಕ್ಕೇ ಕೂಗುತ್ತೇನೆ.’ ‘ಅವಳು ಕೂಗುತ್ತಾಳೆ, ಅದಕ್ಕೇ ಮಾತಾಡುವುದಿಲ್ಲ.’ ಇಬ್ಬರು ಹೇಳುವುದೂ ನಿಜ.

ಈ ಸುತ್ತನ್ನು ಬಿಡಿಸಲು ನಾನು ಹೆಚ್ಚು ನೆಚ್ಚಿಕೊಂಡಿರುವುದು ಭಾವಕೇಂದ್ರಿತ ಚಿಕಿತ್ಸೆಯನ್ನು. 1980ರ ದಶಕದಲ್ಲಿ ಕೆನಡಾದಲ್ಲಿ ಮನಶ್ಶಾಸ್ತ್ರಜ್ಞರಾದ ಸ್ಯೂ ಜಾನ್ಸನ್ ಮತ್ತು ಲೆಸ್ ಗ್ರೀನ್‌ಬರ್ಗ್ ಇದನ್ನು ರೂಪಿಸಿದರು. ಜಗಳ ಹೇಗಾಯಿತು ಎಂಬ ಕಥೆ ಹೇಳುತ್ತಿರುವಾಗ ನಾನು ಮಧ್ಯದಲ್ಲೇ ತಡೆಯುತ್ತೇನೆ: ‘ಎದ್ದು ಹೊರಗೆ ಹೋದಿರಲ್ಲ, ಅದಕ್ಕೆ ಸ್ವಲ್ಪ ಮುಂಚೆ ಒಳಗೆ ಏನಾಯಿತು?’ ಮೊದಲು ಬರುವ ಉತ್ತರ ‘ಸಿಟ್ಟು ಬಂತು’. ಅಲ್ಲೇ ನಿಂತು ಇನ್ನಷ್ಟು ಕೇಳಿದಾಗ, ‘ನಾನು ಏನು ಮಾಡಿದರೂ ಇವಳಿಗೆ ಸಾಲದು ಅನ್ನಿಸಿತು’ ಎಂಬ ಮಾತು ಹೊರಬರುತ್ತದೆ. ಅದನ್ನು ನನಗೆ ಹೇಳಬೇಡಿ, ಅವರ ಕಡೆ ತಿರುಗಿ ಹೇಳಿ ಎನ್ನುತ್ತೇನೆ. ಹೆಂಡತಿ ಕೂಡಲೇ ಸಮಜಾಯಿಷಿ ಕೊಡಲು ಹೊರಟರೆ ಅವರನ್ನೂ ತಡೆದು, ಈಗ ಏನು ಕೇಳಿಸಿಕೊಂಡಿರಿ ಎಂದು ಮಾತ್ರ ವಿಚಾರಿಸುತ್ತೇನೆ. ಹೊರಗಿನಿಂದ ನೋಡಿದವರಿಗೆ ಏನೂ ನಡೆದಂತೆ ಕಾಣದು. ಆದರೆ ಗಂಡನ ಮೌನದಲ್ಲಿ ತಿರಸ್ಕಾರವನ್ನೇ ಕಾಣುತ್ತಿದ್ದ ಹೆಂಡತಿಗೆ ಅಲ್ಲಿ ಅಂಜಿಕೆ ಕಂಡ ಕ್ಷಣ, ಮುಂದಿನ ಜಗಳ ಹಳೆಯ ದಾರಿಯಲ್ಲೇ ಸಾಗುವುದು ಕಷ್ಟ. ನಾನು ಈ ಕೆಲಸವನ್ನು ಪ್ರೀತಿಸುವುದು ಇದಕ್ಕಾಗಿಯೇ.

ಜಗಳ ವಿಪರೀತ ಬಿಸಿಯಾಗಿರುವ ದಂಪತಿಗಳಿಗೆ ಮೊದಲು ಬೇಕಾಗುವುದು ಬೇರೆ ಉಪಕರಣ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಮತ್ತು ಸಂಗಡಿಗರು ದಂಪತಿಗಳ ವಾಗ್ವಾದವನ್ನು ಪ್ರಯೋಗಾಲಯದಲ್ಲಿ ಚಿತ್ರೀಕರಿಸಿ, ಜೊತೆಗೇ ಎದೆಬಡಿತವನ್ನೂ ಅಳೆದರು. ಬಡಿತ ನಿಮಿಷಕ್ಕೆ 100 ದಾಟಿದ ಮನುಷ್ಯನ ಕಿವಿಗೆ ಎದುರಿನವರ ಮಾತು ಸರಿಯಾಗಿ ಇಳಿಯುವುದಿಲ್ಲ. ಆದ್ದರಿಂದ ಕನಿಷ್ಠ 20 ನಿಮಿಷ ವಿರಾಮ ತೆಗೆದುಕೊಳ್ಳುವುದನ್ನು ಕಲಿಸುತ್ತೇವೆ. ಒಂದು ಷರತ್ತಿದೆ: ಏಳುವ ಮೊದಲು, ಎಷ್ಟು ಹೊತ್ತಿಗೆ ಮರಳಿ ಬಂದು ಮಾತು ಮುಂದುವರಿಸುತ್ತೇನೆ ಎಂದು ಹೇಳಿಯೇ ಏಳಬೇಕು. ಹೇಳದೆ ಎದ್ದುಹೋದರೆ ಅದು ಅದೇ ಹಳೆಯ ಮೌನ. ಮಾತು ಆರಂಭಿಸುವ ಬಗೆಯನ್ನೂ ಅಭ್ಯಾಸ ಮಾಡಿಸುತ್ತೇವೆ. ‘ನಿಮಗೆ ಮನೆಯ ಮೇಲೆ ಗಮನವೇ ಇಲ್ಲ’ ಎಂಬುದರ ಬದಲು ‘ಇವತ್ತು ತುಂಬಾ ಸುಸ್ತಾಗಿದೆ, ಮಗುವಿಗೆ ನೀವು ಊಟ ಮಾಡಿಸಿ’. ಟೀಕೆ, ಸಮರ್ಥನೆ, ಮೌನದ ಗೋಡೆ, ಹೀಯಾಳಿಕೆ ಎಂದು ಗಾಟ್‌ಮನ್ ಗುರುತಿಸಿದ ನಾಲ್ಕು ಕೆಡುಕುಗಳಲ್ಲಿ ಹೀಯಾಳಿಕೆಯೇ ಅತ್ಯಂತ ವಿನಾಶಕಾರಿ. ತವರಿನವರನ್ನು ಎತ್ತಿ ಆಡುವ ಮಾತು ನನ್ನ ಮಟ್ಟಿಗೆ ಆ ಪಟ್ಟಿಯ ತುದಿಯಲ್ಲಿದೆ.

ಎಲ್ಲ ಸಮಸ್ಯೆಗಳೂ ಬಗೆಹರಿಯುತ್ತವೆ ಎಂದು ನಾನು ಭರವಸೆ ಕೊಡುವುದಿಲ್ಲ. ಗಾಟ್‌ಮನ್ ಅವರ ಲೆಕ್ಕದಲ್ಲಿ ದಂಪತಿಗಳ ನಡುವಿನ ಶೇ. 69ರಷ್ಟು ಭಿನ್ನಾಭಿಪ್ರಾಯಗಳು ಸ್ವಭಾವದ ವ್ಯತ್ಯಾಸದಿಂದ ಬಂದವು, ಶಾಶ್ವತವಾಗಿ ಉಳಿಯುವಂಥವು. ಊರಿನಲ್ಲಿರುವ ತಂದೆತಾಯಿಗೆ ಎಷ್ಟು ಹಣ ಕಳಿಸಬೇಕು, ಹಬ್ಬಕ್ಕೆ ಯಾರ ಮನೆ ಎಂಬ ವಾದಗಳು ಹೆಚ್ಚಾಗಿ ಈ ಗುಂಪಿನವು. ಅಂಥಲ್ಲಿ ಒಬ್ಬರನ್ನೊಬ್ಬರು ತಿದ್ದುವ ಹಟ ಸಡಿಲಿಸಿ, ವ್ಯತ್ಯಾಸವನ್ನು ಜೊತೆಯಾಗಿ ದೂರದಿಂದ ನೋಡುವುದನ್ನು ಕಲಿಸುವ ವಿಧಾನವೊಂದಿದೆ. ಮನಶ್ಶಾಸ್ತ್ರಜ್ಞರಾದ ಆಂಡ್ರ್ಯೂ ಕ್ರಿಸ್ಟೆನ್‌ಸನ್ ಮತ್ತು ನೀಲ್ ಜೇಕಬ್‌ಸನ್ ಅಭಿವೃದ್ಧಿಪಡಿಸಿದ ಇದನ್ನು, ಇಬ್ಬರ ನಡವಳಿಕೆಯನ್ನು ನೇರವಾಗಿ ಬದಲಿಸಲು ಯತ್ನಿಸುವ ಹಳೆಯ ವರ್ತನಾ ಚಿಕಿತ್ಸೆಯ ಜೊತೆ ಹೋಲಿಸಿ, ತೀವ್ರ ಸಂಕಟದಲ್ಲಿದ್ದ 134 ದಂಪತಿಗಳ ಮೇಲೆ ಅಧ್ಯಯನ ನಡೆಯಿತು. ಐದು ವರ್ಷಗಳ ನಂತರ, ಎರಡೂ ವಿಧಾನಗಳಲ್ಲಿ ಸುಮಾರು ಅರ್ಧದಷ್ಟು ಜನ ಗಮನಾರ್ಹವಾಗಿ ಸುಧಾರಿಸಿದ್ದರು, ಕಾಲು ಭಾಗಕ್ಕೆ ತುಸು ಹೆಚ್ಚು ಜನ ಬೇರೆಯಾಗಿದ್ದರು. ಬದಲಾದೀತೇ ಎಂಬ ನಿಮ್ಮ ಪ್ರಶ್ನೆಗೆ ಇದಕ್ಕಿಂತ ಪ್ರಾಮಾಣಿಕ ಉತ್ತರ ನನ್ನಲ್ಲಿಲ್ಲ.

ಮೊದಲ ಭೇಟಿಗಳಲ್ಲಿ ಇಬ್ಬರನ್ನೂ ಜೊತೆಗೆ, ನಂತರ ಒಬ್ಬೊಬ್ಬರನ್ನೇ ಮಾತಾಡಿಸುವುದು ರೂಢಿ. ಮನೆಯಲ್ಲಿ ಹೊಡೆತವೋ ಬೆದರಿಕೆಯೋ ಇದೆಯೇ ಎಂದು ತಿಳಿಯುವುದು ಅದರ ಒಂದು ಮುಖ್ಯ ಉದ್ದೇಶ. ಹೆದರಿಕೆ ಇರುವ ಕಡೆ ಜಂಟಿ ಮಾತುಕತೆ ನಡೆಸುವುದು ಅಪಾಯ. ಕೋಣೆಯಲ್ಲಿ ಆಡಿದ ಮಾತಿಗೆ ಮನೆಯಲ್ಲಿ ಶಿಕ್ಷೆಯಾಗಬಹುದು. ಅಂಥ ಸ್ಥಿತಿಯಲ್ಲಿರುವ ಹೆಣ್ಣುಮಕ್ಕಳು ಇದನ್ನು ಓದುತ್ತಿದ್ದರೆ 181 ಸಹಾಯವಾಣಿಗೆ ಕರೆಮಾಡಿ.

ನಿಮ್ಮ ವಿಷಯದಲ್ಲಿ ಅಂಥದ್ದಿಲ್ಲವಾದರೆ ಖಂಡಿತ ಹೋಗಿ. ಎಲ್ಲಿಂದ ಆರಂಭಿಸಬೇಕೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416ಕ್ಕೆ ಕರೆಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು. ಯಾರನ್ನೇ ಆರಿಸಿಕೊಂಡರೂ ಮೊದಲೇ ಮೂರು ವಿಷಯ ಕೇಳಿಕೊಳ್ಳಿ: ದಂಪತಿ ಚಿಕಿತ್ಸೆಯಲ್ಲಿ ಯಾವ ತರಬೇತಿ ಪಡೆದಿದ್ದಾರೆ, ಯಾವ ವಿಧಾನ ಅನುಸರಿಸುತ್ತಾರೆ, ಒಬ್ಬರೇ ಇದ್ದಾಗ ಹೇಳಿದ ಗುಟ್ಟನ್ನು ಇನ್ನೊಬ್ಬರಿಗೆ ತಿಳಿಸುತ್ತಾರೆಯೇ. ಈ ಪ್ರಶ್ನೆಗಳನ್ನು ಇಬ್ಬರೂ ಕೂಡಿಯೇ ಕೇಳಿ.